ಡಯೋಡಿನಿಂದ ನಾಡಿಮಿಡಿತದವರೆಗೆ: ಮನೆಯ ಮೇಜಿನ ಮೇಲೆ ಮಾಡುವ ಪ್ರಯೋಗಗಳ ಸಮಗ್ರ ಮಾರ್ಗದರ್ಶಿ

ಕೊರೋನಾ ಕಾಲದಲ್ಲಿ ತಂದ ಆಕ್ಸಿಮೀಟರ್ ಈಗಲೂ ಎಷ್ಟೋ ಮನೆಗಳ ಡ್ರಾಯರ್‌ನಲ್ಲಿ ಬಿದ್ದಿದೆ. ಅದರೊಳಗೆ ಇರುವುದು ಎರಡು ಎಲ್‌ಇಡಿ, ಒಂದು ಫೋಟೋಡಯೋಡ್, ಒಂದಿಷ್ಟು ಸರ್ಕ್ಯೂಟ್. ಬೆಳಕು ಕೊಡುವುದೂ ಅರೆವಾಹಕ, ಬೆಳಕು ಹಿಡಿಯುವುದೂ ಅರೆವಾಹಕ, ಮಧ್ಯೆ ನಮ್ಮ ಬೆರಳು. ಡಯೋಡನ್ನು ನಾವು ಫಿಸಿಕ್ಸ್ ಲ್ಯಾಬಿನಲ್ಲಿ ನೋಡುತ್ತೇವೆ, ನಾಡಿಯನ್ನು ಬಯಾಲಜಿ ಪುಸ್ತಕದಲ್ಲಿ ಓದುತ್ತೇವೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ಅಳೆಯುವ ಅವಕಾಶ ಬಹಳ ಜನರಿಗೆ ಸಿಗುವುದೇ ಇಲ್ಲ.

ಈ ಬರಹ ಅದಕ್ಕಾಗಿಯೇ. ಪಿಯುಸಿ ಮಟ್ಟದ ವಿಜ್ಞಾನ ಗೊತ್ತಿದ್ದರೆ ಸಾಕು, ಉಳಿದದ್ದನ್ನು ಮಾಡುತ್ತಾ ಕಲಿಯಬಹುದು. ಒಂದು ನಿಯಮವನ್ನು ಮಾತ್ರ ನಾನು ಬಿಡುವುದಿಲ್ಲ: ಅಳೆಯುವ ಸಾಧನವನ್ನು ಮೊದಲು ಅಳೆಯಿರಿ, ದೇಹವನ್ನು ಆಮೇಲೆ. ರೆಡಿಮೇಡ್ ಪಲ್ಸ್ ಸೆನ್ಸರ್ ತಂದು ಸಿಕ್ಕಿಸಿದರೆ ಪರದೆಯ ಮೇಲೆ ಏನೋ ಒಂದು ಅಲೆ ಬಂದೇ ಬರುತ್ತದೆ. ಅದು ರಕ್ತದ್ದೋ, ಟ್ಯೂಬ್‌ಲೈಟಿನದ್ದೋ, ಕೈ ನಡುಗಿದ್ದೋ? ಡಯೋಡಿನ ಗುಣ ಗೊತ್ತಿಲ್ಲದವರು ಇದನ್ನು ಹೇಳಲಾರರು.

ಭೌತಶಾಸ್ತ್ರ, ಶರೀರಕ್ರಿಯಾ ವಿಜ್ಞಾನ ಎರಡನ್ನೂ ಒಟ್ಟಿಗೆ ಹಿಡಿದವರು ನಮ್ಮಲ್ಲಿ ಹಿಂದೆಯೇ ಇದ್ದರು. ಜಗದೀಶಚಂದ್ರ ಬೋಸ್ ಗೆಲೀನಾ ಎಂಬ ಸೀಸದ ಅದಿರಿನ ಹರಳಿನಿಂದ ರೇಡಿಯೋ ತರಂಗ ಹಿಡಿಯುವ ಸಾಧನಕ್ಕೆ 1901ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಅರ್ಜಿ ಹಾಕಿದರು, 1904ರಲ್ಲಿ ಅದು ಸಿಕ್ಕಿತು. ಅರೆವಾಹಕ ಸಾಧನಕ್ಕೆ ಸಿಕ್ಕ ಮೊದಲ ಪೇಟೆಂಟುಗಳಲ್ಲಿ ಅದೂ ಒಂದು. ಅದೇ ವರ್ಷಗಳಲ್ಲಿ ಅವರು ಲೋಹ, ಗಿಡ, ಸ್ನಾಯು ಮೂರರ ವಿದ್ಯುತ್ ಪ್ರತಿಕ್ರಿಯೆಯನ್ನು ಅಕ್ಕಪಕ್ಕ ಇಟ್ಟು ಅಳೆಯುತ್ತಿದ್ದರು. ನಮ್ಮ ಬೆಂಗಳೂರಿನಲ್ಲೇ, 1948ರಲ್ಲಿ ತಾವು ಕಟ್ಟಿದ ಸಂಸ್ಥೆಯಲ್ಲಿ, ಸಿ.ವಿ. ರಾಮನ್ ತಮ್ಮ ಕೊನೆಯ ವರ್ಷಗಳನ್ನು ಕಣ್ಣು ಬಣ್ಣವನ್ನು ಹೇಗೆ ಕಾಣುತ್ತದೆ ಎಂಬ ಪ್ರಶ್ನೆಗೆ ಕೊಟ್ಟರು. ಆ ದಾರಿ ಇನ್ನೂ ತೆರೆದೇ ಇದೆ.

ಸಾಮಾನು

ಎಲ್ಲವೂ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಟೌನ್ ಹಾಲ್ ಹತ್ತಿರ ಬಸ್ ಇಳಿದು ನಡೆದರೆ ಆಯಿತು. ಭಾನುವಾರ ಬಹುಪಾಲು ಅಂಗಡಿ ಮುಚ್ಚಿರುತ್ತವೆ, ಶನಿವಾರ ಕಾಲಿಡಲು ಜಾಗ ಇರುವುದಿಲ್ಲ. ವಾರದ ನಡುವೆ ಬೆಳಿಗ್ಗೆ ಹೋಗಿ. ಪಟ್ಟಿ ಬರೆದುಕೊಂಡು ಹೋಗುವುದು ಒಳ್ಳೆಯದು. ಕೌಂಟರಿನಲ್ಲಿ ಪಾರ್ಟ್ ನಂಬರ್ ಹೇಳಿದರೆ ಬೇಗ ಕೆಲಸ ಆಗುತ್ತದೆ.

ಬೇಕಾದದ್ದು ಇಷ್ಟು: 1ಎನ್4148 ಡಯೋಡ್ ಐದಾರು, 940 ನ್ಯಾನೋಮೀಟರಿನ ಇನ್‌ಫ್ರಾರೆಡ್ ಎಲ್‌ಇಡಿ ಎರಡು, ಬಿಪಿಡಬ್ಲ್ಯು34 ಫೋಟೋಡಯೋಡ್ ಎರಡು, ಎಂಸಿಪಿ6002 ಆಪ್-ಆಂಪ್ (ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಚಿಪ್) ಎರಡು, ಬ್ರೆಡ್‌ಬೋರ್ಡ್, ಜಂಪರ್ ವೈರು, ಆರ್ಡುಯಿನೋ ಊನೋ (ಯುಎಸ್‌ಬಿಯಿಂದ ಲ್ಯಾಪ್‌ಟಾಪಿಗೆ ಜೋಡಿಸುವ, ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್), ಮಲ್ಟಿಮೀಟರ್. ರೆಸಿಸ್ಟರುಗಳಲ್ಲಿ 220 ಓಮ್, 1 ಕಿಲೋ ಓಮ್, 10 ಕಿಲೋ ಓಮ್, 100 ಕಿಲೋ ಓಮ್, 1 ಮೆಗಾ ಓಮ್. ಕೆಪಾಸಿಟರುಗಳಲ್ಲಿ 10 ನ್ಯಾನೋ, 0.1 ಮೈಕ್ರೋ, 1 ಮೈಕ್ರೋ, 10 ಮೈಕ್ರೋ, 47 ಮತ್ತು 470 ಮೈಕ್ರೋ ಫ್ಯಾರಡ್. ಜೊತೆಗೆ ಹೀಟ್-ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ತಂತಿಗೆ ಅಂಟಿಕೊಳ್ಳುವ ಪ್ಲಾಸ್ಟಿಕ್ ಕೊಳವೆ), ಬಟ್ಟೆಯ ಕ್ಲಿಪ್, ಒಂದು ತುಂಡು ಕಪ್ಪು ಬಟ್ಟೆ.

ಅಂಗಡಿಯವರು "ಎಂಸಿಪಿ ಇಲ್ಲ, ಎಲ್ಎಂ358 ತಗೊಳ್ಳಿ ಸಾರ್, ಎರಡೂ ಒಂದೇ" ಎಂದರೆ ಒಪ್ಪಬೇಡಿ. ಈ ಕೆಲಸಕ್ಕೆ ಎರಡೂ ಒಂದೇ ಅಲ್ಲ. ಎಲ್ಎಂ358ರ ಇನ್‌ಪುಟ್ ಹತ್ತಾರು ನ್ಯಾನೋ ಆಂಪಿಯರ್ ಎಳೆಯುತ್ತದೆ. ನಾವು ಅಳೆಯಲು ಹೊರಟಿರುವ ನಾಡಿಯ ಅಲೆಯೂ ಅಷ್ಟೇ ಚಿಕ್ಕದು. ಮೇಲಾಗಿ 5 ವೋಲ್ಟ್ ಸಪ್ಲೈ ಕೊಟ್ಟರೂ ಅದರ ಔಟ್‌ಪುಟ್ ಸುಮಾರು 3.5 ವೋಲ್ಟ್ ದಾಟುವುದಿಲ್ಲ. ಎಂಸಿಪಿ6002 ಎಳೆಯುವುದು ಪಿಕೋ ಆಂಪಿಯರ್ ಲೆಕ್ಕದಲ್ಲಿ, ಔಟ್‌ಪುಟ್ ಹೆಚ್ಚುಕಡಿಮೆ ಪೂರ್ತಿ 5 ವೋಲ್ಟ್‌ವರೆಗೂ ಹೋಗುತ್ತದೆ.

ಸುರಕ್ಷತೆಯ ಮಾತು ಈಗಲೇ ಹೇಳಿಬಿಡುತ್ತೇನೆ. ದೇಹಕ್ಕೆ ತಾಗುವ ಯಾವ ಪ್ರಯೋಗ ಮಾಡುವಾಗಲೂ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿಡಿ, ಬ್ಯಾಟರಿಯಲ್ಲೇ ನಡೆಸಿ. ಡಯೋಡಿನ ತಂತಿಗಳು ಚರ್ಮಕ್ಕೆ ತಾಗದ ಹಾಗೆ ಮುಚ್ಚಿ. ಇಲ್ಲಿ ದೇಹದೊಳಗೆ ಹೋಗುವುದು ಬೆಳಕು ಮಾತ್ರ, ಕರೆಂಟ್ ಅಲ್ಲ. ಎಲೆಕ್ಟ್ರೋಡ್ ಅಂಟಿಸಿ ಇಸಿಜಿ ತೆಗೆಯುವ ಸಾಹಸ ಮನೆಯಲ್ಲಿ ಬೇಡ. ಇಲ್ಲಿ ಬರುವ ಯಾವ ಅಂಕಿಯನ್ನೂ ಆರೋಗ್ಯದ ತೀರ್ಮಾನಕ್ಕೆ ಬಳಸಬೇಡಿ.

ಮೊದಲ ಹಂತ: ಡಯೋಡಿನ ಗುಣ ತಿಳಿಯುವುದು

ಆರ್ಡುಯಿನೋದ 5 ವೋಲ್ಟ್ ಪಿನ್ನಿನಿಂದ 1 ಕಿಲೋ ಓಮ್ ರೆಸಿಸ್ಟರ್, ಅಲ್ಲಿಂದ 1ಎನ್4148, ಅಲ್ಲಿಂದ ಗ್ರೌಂಡ್. ಡಯೋಡಿನ ಮೇಲಿರುವ ಕಪ್ಪು ಪಟ್ಟಿಯ ತುದಿ ಗ್ರೌಂಡ್ ಕಡೆಗೆ ಇರಲಿ. ಮಲ್ಟಿಮೀಟರಿನಲ್ಲಿ ಡಯೋಡಿನ ಎರಡು ತುದಿಗಳ ನಡುವಿನ ವೋಲ್ಟೇಜ್ ಓದಿ. 5ರಿಂದ ಅದನ್ನು ಕಳೆದು ರೆಸಿಸ್ಟರಿನಿಂದ ಭಾಗಿಸಿದರೆ ಕರೆಂಟ್ ಸಿಗುತ್ತದೆ. ಯುಎಸ್‌ಬಿಯ 5 ವೋಲ್ಟ್ ಸರಿಯಾಗಿ 5 ಇರುವುದಿಲ್ಲ, ಅದನ್ನೂ ಅಳೆದು ಬರೆದುಕೊಳ್ಳಿ.

ಈಗ ರೆಸಿಸ್ಟರ್ ಬದಲಿಸುತ್ತಾ ಹೋಗಿ: 10 ಕಿಲೋ, 100 ಕಿಲೋ, 1 ಮೆಗಾ. ಪ್ರತಿ ಸಲ ಕರೆಂಟ್ ಹತ್ತಿರಹತ್ತಿರ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಡಯೋಡಿನ ವೋಲ್ಟೇಜ್ ಮಾತ್ರ ಹಾಗೆ ಕುಸಿಯುವುದಿಲ್ಲ, 0.7ರ ಆಸುಪಾಸಿನಿಂದ ಹೆಜ್ಜೆಗೆ ಸುಮಾರು 0.1 ವೋಲ್ಟ್‌ನಂತೆ ಇಳಿಯುತ್ತದೆ. ಕರೆಂಟಿನ ಲಾಗರಿದಮ್ ಒಂದು ಅಕ್ಷಕ್ಕೆ, ವೋಲ್ಟೇಜ್ ಇನ್ನೊಂದಕ್ಕೆ ಹಾಕಿ ಗ್ರಾಫ್ ಎಳೆಯಿರಿ. ನಾಲ್ಕು ಬಿಂದುಗಳೂ ಒಂದೇ ಗೆರೆಯ ಮೇಲೆ ಕೂರುತ್ತವೆ. ಆದರ್ಶ ಡಯೋಡಿನಲ್ಲಿ ಕೋಣೆಯ ಉಷ್ಣತೆಗೆ ಈ ಹೆಜ್ಜೆ ಸುಮಾರು 60 ಮಿಲಿವೋಲ್ಟ್ ಇರಬೇಕಿತ್ತು. ನಿಮ್ಮದು ಅದಕ್ಕಿಂತ ಜಾಸ್ತಿ ಬರುತ್ತದೆ. ನಿಮ್ಮ ಅಂಕಿಯನ್ನು 60ರಿಂದ ಭಾಗಿಸಿದರೆ ಆ ಡಯೋಡಿನ ಐಡಿಯಾಲಿಟಿ ಫ್ಯಾಕ್ಟರ್, ಅಂದರೆ ಅದು ಆದರ್ಶ ಡಯೋಡಿನಿಂದ ಎಷ್ಟು ದೂರ ಇದೆ ಎಂಬ ಅಂಕಿ, ಸಿಗುತ್ತದೆ. ಅದು 1 ಮತ್ತು 2ರ ನಡುವೆ ಇದ್ದರೆ ನಿಮ್ಮ ಅಳತೆ ಸರಿಯಾದ ದಾರಿಯಲ್ಲಿದೆ.

ಒಂದು ಸಣ್ಣ ವಿಷಯ ಗಮನಿಸಿ. 1 ಮೆಗಾ ಓಮ್ ಹಾಕಿದಾಗ ಡಯೋಡಿನಲ್ಲಿ ಹರಿಯುವುದು ಐದು ಮೈಕ್ರೋ ಆಂಪಿಯರಿಗೂ ಕಡಿಮೆ. ಮಲ್ಟಿಮೀಟರಿನ ಒಳಗೆ ಸಾಮಾನ್ಯವಾಗಿ 10 ಮೆಗಾ ಓಮ್ ಇರುತ್ತದೆ, ಅದೂ ಒಂದಿಷ್ಟು ಕರೆಂಟ್ ಕದಿಯುತ್ತದೆ. ಲೆಕ್ಕ ಹಾಕಿ ನೋಡಿ, ಹೆಚ್ಚುಕಡಿಮೆ ನೂರಕ್ಕೆ ಒಂದು ಭಾಗ. ಇಲ್ಲಿ ಅದನ್ನು ಬಿಟ್ಟುಬಿಡಬಹುದು. ಆದರೆ ಲೆಕ್ಕ ಹಾಕಿ ಬಿಡುವುದೇ ಬೇರೆ, ಲೆಕ್ಕವೇ ಹಾಕದೆ ಬಿಡುವುದೇ ಬೇರೆ.

ಎರಡನೇ ಹಂತ: ಅದೇ ಡಯೋಡ್ ಥರ್ಮಾಮೀಟರ್ ಆಗುವುದು

ಕರೆಂಟ್ ಬದಲಾಗದಂತೆ ಇಟ್ಟು ಡಯೋಡನ್ನು ಬಿಸಿ ಮಾಡಿದರೆ ಅದರ ವೋಲ್ಟೇಜ್ ಇಳಿಯುತ್ತದೆ, ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್. ಬಿಸಿಯಾದಷ್ಟೂ ಸಿಲಿಕಾನ್ ಹರಳಿನಲ್ಲಿ ಹೆಚ್ಚು ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ಅಷ್ಟೇ ಕರೆಂಟಿಗೆ ಕಡಿಮೆ ತಳ್ಳು ಸಾಕಾಗುತ್ತದೆ. ನಮ್ಮ ಇಡೀ ಪ್ರಯೋಗ ನಿಂತಿರುವುದು ಇದರ ಮೇಲೆ.

ಡಯೋಡಿಗೆ ಉದ್ದ ತಂತಿ ಬೆಸೆದು, ಹೀಟ್-ಶ್ರಿಂಕ್ ಹಾಕಿ, ನೀರು ಒಳಗೆ ಹೋಗದಂತೆ ತುದಿ ಮುಚ್ಚಿ. 10 ಕಿಲೋ ಓಮ್ ರೆಸಿಸ್ಟರ್ ಇಟ್ಟುಕೊಳ್ಳಿ. ಐಸ್ ಕುಟ್ಟಿ, ಸ್ವಲ್ಪವೇ ನೀರು ಹಾಕಿ ಕಲಸಿದ ಲೋಟದಲ್ಲಿ ಅದ್ದಿ, ಅಂಕಿ ನಿಲ್ಲುವವರೆಗೆ ಕಾದು ಬರೆದುಕೊಳ್ಳಿ. ಅದು 0 ಡಿಗ್ರಿ. ಆಮೇಲೆ ಒಲೆಯ ಮೇಲೆ ಕುದಿಯುತ್ತಿರುವ ನೀರಿನಲ್ಲಿ ಅದ್ದಿ. ತಂತಿ ಬೆಂಕಿಗೆ ತಾಗದಿರಲಿ. ಕರೆಂಟಿಗೆ ಸಿಕ್ಕಿಸಿದ ಕೆಟಲ್ ಮಾತ್ರ ಬೇಡವೇ ಬೇಡ.

ಇಲ್ಲಿ ಬಹಳ ಜನ ಕಣ್ಣುಮುಚ್ಚಿ 100 ಎಂದು ಬರೆಯುತ್ತಾರೆ. ಬೆಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ! ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರಿಗೆ ಕುದಿಯುವ ಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಹಾಗಾಗಿ ಇಲ್ಲಿ ಅದು ಸುಮಾರು 97 ಡಿಗ್ರಿ. ಮಂಗಳೂರಿನಲ್ಲಿರುವ ಗೆಳೆಯರು ಇದೇ ಪ್ರಯೋಗ ಮಾಡಿದರೆ ಅವರು 100 ಬರೆಯಬಹುದು, ನಾವು ಬರೆಯುವ ಹಾಗಿಲ್ಲ.

ಉದಾಹರಣೆಗೆ, ಐಸಿನಲ್ಲಿ 0.63 ವೋಲ್ಟ್, ಕುದಿಯುವ ನೀರಿನಲ್ಲಿ 0.44 ವೋಲ್ಟ್ ಬಂತು ಎಂದುಕೊಳ್ಳಿ. 190 ಮಿಲಿವೋಲ್ಟನ್ನು 97ರಿಂದ ಭಾಗಿಸಿದರೆ ಡಿಗ್ರಿಗೆ 1.96 ಮಿಲಿವೋಲ್ಟ್. ಇದೇ ನಿಮ್ಮ ಥರ್ಮಾಮೀಟರಿನ ಅಳತೆಗೋಲು.

ಇಷ್ಟಕ್ಕೇ ನಿಲ್ಲಿಸಬೇಡಿ. ಈ ಗೆರೆಯನ್ನು ಎಡಕ್ಕೆ ಎಳೆಯುತ್ತಾ ಪರಮ ಶೂನ್ಯಕ್ಕೆ, ಅಂದರೆ ಮೈನಸ್ 273 ಡಿಗ್ರಿಗೆ ಮುಟ್ಟಿಸಿ. 273ನ್ನು 1.96ರಿಂದ ಗುಣಿಸಿದರೆ ಸುಮಾರು 0.54 ವೋಲ್ಟ್. ಅದಕ್ಕೆ 0.63 ಸೇರಿಸಿದರೆ 1.17. ಇದು ಸುಮ್ನೆ ಬಂದ ಅಂಕಿ ಅಲ್ಲ. ಸಿಲಿಕಾನಿನ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನನ್ನು ಕಟ್ಟಿನಿಂದ ಬಿಡಿಸಲು ಬೇಕಾದ ಶಕ್ತಿ, ಕೋಣೆಯ ಉಷ್ಣತೆಯಲ್ಲಿ 1.12 ಎಲೆಕ್ಟ್ರಾನ್ ವೋಲ್ಟ್. ಅಡುಗೆಮನೆಯ ಐಸು, ಬಿಸಿನೀರು ಹಿಡಿದುಕೊಂಡು ಹರಳಿನ ಒಳಗಿನ ಒಂದು ಗುಣವನ್ನು ಅಳೆದಿರಿ. 1.1ರಿಂದ 1.3ರ ನಡುವೆ ಏನೇ ಬಂದರೂ ಸಂತೋಷಪಡಿ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಬೆರಳಿನ ಹತ್ತಿರ ಹೋದಾಗ ಬೇಕಾಗುತ್ತದೆ.

ಮೂರನೇ ಹಂತ: ಉಸಿರು

ಹೀಟ್-ಶ್ರಿಂಕ್ ಇಲ್ಲದ, ಗಾಜಿನ ಮೈ ಬರಿದಾಗಿರುವ ಇನ್ನೊಂದು ಡಯೋಡ್ ತೆಗೆದುಕೊಳ್ಳಿ. ಅದರ ಎರಡು ಕಾಲುಗಳಿಗೆ ತೆಳು ತಂತಿ ಬೆಸೆದು, ಲೋಹದ ಭಾಗವನ್ನಷ್ಟೇ ಮುಚ್ಚಿ. ಮೇಲ್ದುಟಿಯ ಮೇಲೆ ಮೆಡಿಕಲ್ ಟೇಪಿನಿಂದ ಅಂಟಿಸಿ. ಗಾಜು ಮೂಗಿನ ಹೊಳ್ಳೆಯ ಎದುರಿಗೆ ಇರಲಿ, ಚರ್ಮಕ್ಕೆ ತಾಗದಿರಲಿ. ಎರಡನೇ ಹಂತದ ಸರ್ಕ್ಯೂಟಿಗೇ ಇದನ್ನು ಸಿಕ್ಕಿಸಿ ಮಲ್ಟಿಮೀಟರ್ ನೋಡಿ. ಉಸಿರು ಬಿಟ್ಟಾಗ ಅಂಕಿ ಕೆಲವು ಮಿಲಿವೋಲ್ಟ್ ಇಳಿಯುತ್ತದೆ, ಎಳೆದಾಗ ಏರುತ್ತದೆ.

ಹೊರಗೆ ಬರುವ ಉಸಿರು ಸುಮಾರು 34 ಡಿಗ್ರಿ ಇರುತ್ತದೆ. ಕೋಣೆ ಎಷ್ಟು ತಣ್ಣಗಿದೆಯೋ ಅಲೆ ಅಷ್ಟು ದೊಡ್ಡದು. ಡಿಸೆಂಬರಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಈ ಪ್ರಯೋಗ ಸೊಗಸಾಗಿ ಆಗುತ್ತದೆ. ಏಪ್ರಿಲ್ ಮಧ್ಯಾಹ್ನ ಕೋಣೆಯೇ 32 ಡಿಗ್ರಿ ಇದ್ದರೆ ಅಲೆ ಸಿಗುವುದೇ ಕಷ್ಟ. ಆಗ ಡಯೋಡ್ ಕೆಟ್ಟಿದೆ ಎಂದುಕೊಳ್ಳಬೇಡಿ, ವ್ಯತ್ಯಾಸವೇ ಇಲ್ಲ ಅಷ್ಟೆ. ಫ್ಯಾನ್ ಆಫ್ ಮಾಡಿಕೊಳ್ಳಿ.

ಇನ್ನೊಂದು ಮಿತಿ ಇದೆ. ಡಯೋಡ್ ಚಿಕ್ಕದಾದರೂ ಬಿಸಿಯಾಗಲು, ತಣ್ಣಗಾಗಲು ಅದಕ್ಕೆ ಸಮಯ ಬೇಕು. ಬೇಗಬೇಗ ಉಸಿರಾಡಿದರೆ ಅಲೆಯ ಎತ್ತರ ಕುಗ್ಗುತ್ತದೆ. ಅಂದರೆ ಈ ಸಾಧನದಿಂದ ನಿಮಿಷಕ್ಕೆ ಎಷ್ಟು ಉಸಿರು ಎಂದು ನಂಬಿ ಹೇಳಬಹುದು, ಎಷ್ಟು ಆಳದ ಉಸಿರು ಎಂದು ಹೇಳಲಾಗದು.

ನಾಲ್ಕನೇ ಹಂತ: ಬೆಳಕನ್ನು ಕರೆಂಟ್ ಮಾಡುವುದು

ಎರಡನೇ ಹಂತದ ಅಂಕಿ ಈಗ ಕೆಲಸಕ್ಕೆ ಬರುತ್ತದೆ. 1240ನ್ನು ಬೆಳಕಿನ ತರಂಗಾಂತರದಿಂದ, ಅಂದರೆ ನ್ಯಾನೋಮೀಟರ್ ಲೆಕ್ಕದ ಅಂಕಿಯಿಂದ, ಭಾಗಿಸಿದರೆ ಒಂದು ಫೋಟಾನಿನ ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಸಿಗುತ್ತದೆ. 940ಕ್ಕೆ 1.32. ಸಿಲಿಕಾನಿಗೆ ಬೇಕಾದದ್ದು 1.12. ಹಾಗಾಗಿ ಈ ಬೆಳಕು ಎಲೆಕ್ಟ್ರಾನನ್ನು ಬಿಡಿಸುತ್ತದೆ, ಕರೆಂಟ್ ಹುಟ್ಟುತ್ತದೆ. 1100 ನ್ಯಾನೋಮೀಟರ್ ದಾಟಿದ ಬೆಳಕಿಗೆ ಅಷ್ಟು ಶಕ್ತಿ ಇಲ್ಲ, ಸಿಲಿಕಾನಿಗೆ ಅದು ಕಾಣುವುದಿಲ್ಲ. ಬಿಪಿಡಬ್ಲ್ಯು34ರ ಡೇಟಾಶೀಟಿನಲ್ಲಿ ಗ್ರಾಫ್ 1100ರ ಹತ್ತಿರ ಕುಸಿಯುವುದಕ್ಕೆ ಕಾರಣ ನೀವು ಐಸು ನೀರಿನಲ್ಲಿ ಅಳೆದ ಅದೇ ಅಂಕಿ.

ಸರ್ಕ್ಯೂಟ್ ಹೀಗೆ. ಎಂಸಿಪಿ6002ರ 8ನೇ ಪಿನ್ 5 ವೋಲ್ಟಿಗೆ, 4ನೇ ಪಿನ್ ಗ್ರೌಂಡಿಗೆ, ಎರಡರ ನಡುವೆ 0.1 ಮೈಕ್ರೋ ಫ್ಯಾರಡ್. 3ನೇ ಪಿನ್ ಗ್ರೌಂಡಿಗೆ. ಫೋಟೋಡಯೋಡಿನ ಕ್ಯಾಥೋಡ್ 2ನೇ ಪಿನ್ನಿಗೆ, ಆನೋಡ್ ಗ್ರೌಂಡಿಗೆ. 1 ಮತ್ತು 2ನೇ ಪಿನ್ ನಡುವೆ 1 ಮೆಗಾ ಓಮ್, ಅದಕ್ಕೆ ಅಡ್ಡಲಾಗಿ 10 ನ್ಯಾನೋ ಫ್ಯಾರಡ್. ಒಂದು ಮೈಕ್ರೋ ಆಂಪಿಯರ್ ಕರೆಂಟ್ ಬಂದರೆ 1ನೇ ಪಿನ್ನಿನಲ್ಲಿ ಒಂದು ವೋಲ್ಟ್ ಬರುತ್ತದೆ. ಆ 10 ನ್ಯಾನೋ ಫ್ಯಾರಡ್ ಸುಮ್ಮನೆ ಅಲ್ಲ. 16 ಹರ್ಟ್ಸ್‌ಗಿಂತ ಮೇಲಿನದ್ದನ್ನು ಅದು ಅದುಮುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್, ಅದರಿಂದ ಉರಿಯುವ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಆ ಮಿನುಗು ಇಲ್ಲಿ ಬಹುಪಾಲು ಸಾಯುತ್ತದೆ.

ಬೆರಳು ಇಡುವ ಮೊದಲು ಇದನ್ನೂ ಪರೀಕ್ಷಿಸಬೇಕು. ಎಲ್‌ಇಡಿಗೆ 220 ಓಮ್ ಹಾಕಿ 5 ವೋಲ್ಟಿಗೆ ಜೋಡಿಸಿ, ಸುಮಾರು 17 ಮಿಲಿ ಆಂಪಿಯರ್ ಹರಿಯುತ್ತದೆ. ಬೆಳಕು ಕಣ್ಣಿಗೆ ಕಾಣುವುದಿಲ್ಲ. ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿದರೆ ಸಾಮಾನ್ಯವಾಗಿ ನಸುನೇರಳೆ ಚುಕ್ಕೆ ಕಾಣುತ್ತದೆ. ಕತ್ತಲೆ ಕೋಣೆಯಲ್ಲಿ ಎಲ್‌ಇಡಿಯನ್ನು ಫೋಟೋಡಯೋಡಿನಿಂದ 10 ಸೆಂಟಿಮೀಟರ್, 20, 40 ಸೆಂಟಿಮೀಟರ್ ದೂರ ಇಟ್ಟು ಓದಿ. 10ರಲ್ಲೇ ಔಟ್‌ಪುಟ್ 5 ವೋಲ್ಟ್ ಮುಟ್ಟಿ ನಿಂತರೆ ಎಲ್‌ಇಡಿಯ ರೆಸಿಸ್ಟರನ್ನು 10 ಕಿಲೋ ಮಾಡಿಕೊಳ್ಳಿ. ಪ್ರತಿ ಸಲ ಎಲ್‌ಇಡಿ ಆಫ್ ಮಾಡಿದಾಗಿನ ಅಂಕಿಯನ್ನು ಕಳೆಯಿರಿ. ದೂರ ಎರಡು ಪಟ್ಟಾದಾಗ ಉತ್ತರ ಕಾಲು ಭಾಗವಾಗಬೇಕು. ಹಾಗೆ ಆಗದಿದ್ದರೆ ಬೇರೆ ಬೆಳಕು ಎಲ್ಲಿಂದಲೋ ಬರುತ್ತಿದೆ, ಇಲ್ಲವೇ ಮೇಜಿನ ಮೇಲ್ಮೈಯಿಂದ ಬೆಳಕು ತಿರುಗಿ ಬರುತ್ತಿದೆ. ಮೇಜಿಗೆ ಕಪ್ಪು ಬಟ್ಟೆ ಹಾಸಿ ಮತ್ತೆ ನೋಡಿ. ಇದು ಸರಿಹೋಗುವವರೆಗೆ ಮುಂದೆ ಹೋಗಬೇಡಿ.

ಐದನೇ ಹಂತ: ಬೆರಳು

ಬಟ್ಟೆ ಕ್ಲಿಪ್ಪಿನ ಒಂದು ದವಡೆಗೆ ಎಲ್‌ಇಡಿ, ಇನ್ನೊಂದಕ್ಕೆ ಫೋಟೋಡಯೋಡ್ ಅಂಟಿಸಿ. ಸ್ಪ್ರಿಂಗ್ ಬಿಗಿಯಾಗಿದ್ದರೆ ಸ್ವಲ್ಪ ಸಡಿಲ ಮಾಡಿ, ಜೋರಾಗಿ ಅದುಮಿದರೆ ಬೆರಳಿನಲ್ಲಿ ರಕ್ತವೇ ಓಡುವುದಿಲ್ಲ. ತೋರುಬೆರಳಿಗೆ ಸಿಕ್ಕಿಸಿ, ಮೇಲೆ ಕಪ್ಪು ಬಟ್ಟೆ ಸುತ್ತಿ. ಉಗುರುಬಣ್ಣ, ಕಡು ಮೆಹಂದಿ ಇದ್ದರೆ ಬೇರೆ ಬೆರಳು ಆರಿಸಿ. ಬಿಸಿಲು ಬೀಳುವ ಕಿಟಕಿಯಿಂದ ದೂರ ಕೂತುಕೊಳ್ಳಿ. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಧಾರಾಳವಾಗಿದೆ.

1ನೇ ಪಿನ್ನಿನಲ್ಲಿ ಒಂದು ಸ್ಥಿರ ವೋಲ್ಟೇಜ್ ಬರುತ್ತದೆ. ಚರ್ಮ, ಮೂಳೆ, ನಿಂತ ರಕ್ತ ಎಲ್ಲ ದಾಟಿ ಬಂದ ಬೆಳಕು ಅದು. ಹೃದಯ ಬಡಿದಾಗ ಬೆರಳಿನ ಅಪಧಮನಿಗಳು ಒಂದಿಷ್ಟು ಉಬ್ಬುತ್ತವೆ, ಆ ಕ್ಷಣಕ್ಕೆ ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ. ಎಷ್ಟು? ನೂರರಲ್ಲಿ ಒಂದೋ ಎರಡೋ ಭಾಗ. ತುಂಬಿದ ಕೊಡದ ಮೇಲೆ ಏಳುವ ಸಣ್ಣ ಅಲೆಯಷ್ಟು. 1 ವೋಲ್ಟ್ ಇದ್ದರೆ ಅಲೆ 10 ಮಿಲಿವೋಲ್ಟ್. ಆರ್ಡುಯಿನೋ 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ನೋಡುತ್ತದೆ, ಒಂದೊಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಅಂದರೆ ನೇರವಾಗಿ ಕೊಟ್ಟರೆ ಇಡೀ ನಾಡಿ ಎರಡು ಮೆಟ್ಟಿಲಿನಲ್ಲಿ ಮುಗಿದುಹೋಗುತ್ತದೆ. ಅದಕ್ಕೇ ಎರಡನೇ ಆಂಪ್ಲಿಫೈಯರ್ ಬೇಕು.

1ನೇ ಪಿನ್ನಿನಿಂದ 1 ಮೈಕ್ರೋ ಫ್ಯಾರಡ್ ಮೂಲಕ 5ನೇ ಪಿನ್ನಿಗೆ ಹೋಗಿ. ಸ್ಥಿರ ಭಾಗ ಇಲ್ಲೇ ನಿಲ್ಲುತ್ತದೆ, ಅಲೆ ಮಾತ್ರ ದಾಟುತ್ತದೆ. 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಎರಡು 10 ಕಿಲೋ ಓಮ್ ಸರಣಿಯಲ್ಲಿ ಹಾಕಿದರೆ ಮಧ್ಯದಲ್ಲಿ 2.5 ವೋಲ್ಟ್ ಸಿಗುತ್ತದೆ. ಆ ಮಧ್ಯಬಿಂದುವಿನಿಂದ ಗ್ರೌಂಡಿಗೆ 10 ಮೈಕ್ರೋ ಫ್ಯಾರಡ್ ಹಾಕಿ, ಅಲ್ಲಿಂದಲೇ 1 ಮೆಗಾ ಓಮ್ ಮೂಲಕ 5ನೇ ಪಿನ್ನಿಗೆ ಜೋಡಿಸಿ. 7 ಮತ್ತು 6ನೇ ಪಿನ್ ನಡುವೆ 1 ಮೆಗಾ ಓಮ್, ಅದಕ್ಕೆ ಅಡ್ಡಲಾಗಿ 10 ನ್ಯಾನೋ ಫ್ಯಾರಡ್. 6ನೇ ಪಿನ್ನಿನಿಂದ 10 ಕಿಲೋ ಓಮ್, ಅದರ ಸರಣಿಯಲ್ಲಿ 47 ಮೈಕ್ರೋ ಫ್ಯಾರಡ್, ಆಮೇಲೆ ಗ್ರೌಂಡ್. ಇದರಿಂದ ಅಲೆ ಸುಮಾರು ನೂರು ಪಟ್ಟು ದೊಡ್ಡದಾಗಿ 2.5 ವೋಲ್ಟಿನ ಮೇಲೆ ಕೆಳಗೆ ಆಡುತ್ತದೆ. 7ನೇ ಪಿನ್ ಆರ್ಡುಯಿನೋದ ಅನಲಾಗ್ ಇನ್‌ಪುಟ್ಟಿಗೆ. ಸೆಕೆಂಡಿಗೆ ನೂರು ಸಲ ಓದಿ ಪರದೆಗೆ ಕಳಿಸುವ ನಾಲ್ಕು ಸಾಲಿನ ಪ್ರೋಗ್ರಾಂ ಸಾಕು, ಆರ್ಡುಯಿನೋ ಸಾಫ್ಟ್‌ವೇರಿನಲ್ಲೇ ಇರುವ ಸೀರಿಯಲ್ ಪ್ಲಾಟರ್ ಎಂಬ ಗ್ರಾಫ್ ಕಿಟಕಿಯಲ್ಲಿ ಗೆರೆ ನೋಡಬಹುದು.

ಮೊದಲ ಹದಿನೈದು ಇಪ್ಪತ್ತು ಸೆಕೆಂಡು ಗೆರೆ ಎಲ್ಲೆಲ್ಲೋ ಓಡುತ್ತದೆ, ಕೆಪಾಸಿಟರುಗಳು ತುಂಬಿಕೊಳ್ಳಬೇಕು. ಆಮೇಲೆ ನಾಡಿ ಕಾಣುತ್ತದೆ. ಈ ಸರ್ಕ್ಯೂಟಿನಲ್ಲಿ ರಕ್ತ ನುಗ್ಗಿದಾಗ ಗೆರೆ ಕೆಳಗೆ ಹೋಗುತ್ತದೆ, ಮೇಲಕ್ಕಲ್ಲ. ಬೇಕಿದ್ದರೆ ಪ್ರೋಗ್ರಾಮಿನಲ್ಲಿ ಮೈನಸ್ ಹಾಕಿ ತಿರುಗಿಸಿಕೊಳ್ಳಿ. ಹತ್ತಿರದಿಂದ ನೋಡಿ: ಒಂದು ಕಡೆ ಕಡಿದಾದ ಏರು, ಇನ್ನೊಂದು ಕಡೆ ನಿಧಾನವಾದ ಇಳಿಜಾರು. ಇಳಿಜಾರಿನ ನಡುವೆ ಒಂದು ಚಿಕ್ಕ ತಗ್ಗು, ಅದರ ಪಕ್ಕ ಚಿಕ್ಕ ಉಬ್ಬು. ವಯಸ್ಸಿನ ಹುಡುಗರಲ್ಲಿ ಈ ಉಬ್ಬು ಚೆನ್ನಾಗಿ ಎದ್ದು ಕಾಣುತ್ತದೆ. ವಯಸ್ಸಾದಂತೆ ರಕ್ತನಾಳ ಬಿರುಸಾಗಿ ಅದು ಮಸುಕಾಗುತ್ತದೆ. ತಾತನ ಬೆರಳನ್ನೂ ಮೊಮ್ಮಗಳ ಬೆರಳನ್ನೂ ಒಂದರ ಕೆಳಗೆ ಒಂದು ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಬೆಳಕಿನಿಂದ ಬೆರಳಿನ ರಕ್ತ ಅಳೆಯುವ ಈ ವಿಧಾನವನ್ನು ಅಮೆರಿಕದ ಆಲ್ರಿಕ್ ಹರ್ಟ್ಸ್‌ಮನ್ 1937ರಲ್ಲಿ ಪ್ರಕಟಿಸಿದರು. ಆಗ ಸಿಲಿಕಾನ್ ಫೋಟೋಡಯೋಡೂ ಇರಲಿಲ್ಲ, ಬಳಸಲು ಎಲ್‌ಇಡಿಯೂ ಸಿಗುತ್ತಿರಲಿಲ್ಲ.

ಗೆರೆ ಬಾರದಿದ್ದರೆ ಹೀಗೆ ಹುಡುಕಿ. 1ನೇ ಪಿನ್ 5 ವೋಲ್ಟಿನಲ್ಲಿ ಅಂಟಿಕೊಂಡಿದ್ದರೆ ಬೆಳಕು ಜಾಸ್ತಿ, ಎಲ್‌ಇಡಿಯ ರೆಸಿಸ್ಟರನ್ನು 1 ಕಿಲೋ ಮಾಡಿ. ಸೊನ್ನೆಯಲ್ಲಿದ್ದರೆ ಫೋಟೋಡಯೋಡ್ ಉಲ್ಟಾ ಇದೆ, ಇಲ್ಲವೇ ಎಲ್‌ಇಡಿ ಉರಿಯುತ್ತಿಲ್ಲ. ಅಲೆ ಇದೆ, ಆದರೆ ಬೆರಳು ತೆಗೆದರೂ ಇದೆ ಎಂದರೆ ಅದು ನಿಮ್ಮ ನಾಡಿ ಅಲ್ಲ.

ಆರನೇ ಹಂತ: ದೇಹವನ್ನು ಪ್ರಶ್ನೆ ಕೇಳುವುದು

ಐದು ನಿಮಿಷ ಸುಮ್ಮನೆ ಕೂತ ಮೇಲೆಯೇ ಶುರು ಮಾಡಿ. ಮೆಟ್ಟಿಲು ಹತ್ತಿ ಬಂದ ತಕ್ಷಣ ಅಳೆದರೆ ಅಳತೆ ಮೆಟ್ಟಿಲಿನದ್ದಾಗುತ್ತದೆ. ಕೈ ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ.

ಮೊದಲು ಕೈ ಎತ್ತುವ ಪ್ರಯೋಗ. ಎದೆಯ ಮಟ್ಟದಿಂದ ಬೆರಳನ್ನು 40 ಸೆಂಟಿಮೀಟರ್ ಮೇಲೆ ಎತ್ತಿ ಹಿಡಿಯಿರಿ. ಪ್ರತಿ ಸೆಂಟಿಮೀಟರಿಗೆ ಬೆರಳಿನ ರಕ್ತದೊತ್ತಡ ಸುಮಾರು 0.77 ಮಿಲಿಮೀಟರ್ ಪಾದರಸದಷ್ಟು ಇಳಿಯುತ್ತದೆ, 40ಕ್ಕೆ ಸುಮಾರು 30. ಅಲೆ ಚಿಕ್ಕದಾಗಬೇಕು ಅನ್ನಿಸುತ್ತದೆ, ಅಲ್ವಾ? ಸಾಮಾನ್ಯವಾಗಿ ದೊಡ್ಡದಾಗುತ್ತದೆ. ಒತ್ತಡ ಇಳಿದಾಗ ನಾಳದ ಗೋಡೆ ಸಡಿಲವಾಗುತ್ತದೆ, ಪ್ರತಿ ಬಡಿತಕ್ಕೂ ಜಾಸ್ತಿ ಉಬ್ಬುತ್ತದೆ.

ಎರಡನೆಯದು ನನಗೆ ತುಂಬಾ ಇಷ್ಟ. ಸುಮ್ಮನೆ ಕೂತಿರುವಾಗ ಒಮ್ಮೆ ಜೋರಾಗಿ, ಆಳವಾಗಿ ಉಸಿರು ಎಳೆದುಕೊಳ್ಳಿ. ತಕ್ಷಣ ಏನೂ ಆಗುವುದಿಲ್ಲ. ಕೆಲವು ಸೆಕೆಂಡು ಕಳೆದ ಮೇಲೆ ಅಲೆಯ ಎತ್ತರ ಕುಸಿಯುತ್ತದೆ, ಮತ್ತೆ ನಿಧಾನವಾಗಿ ಮೇಲೆ ಬರುತ್ತದೆ. ಎದೆ ಹಿಗ್ಗಿದ್ದನ್ನು ನರಮಂಡಲ ಗಮನಿಸಿ, ಬೆರಳಿನ ಸಣ್ಣ ರಕ್ತನಾಳಗಳಿಗೆ "ಬಿಗಿಯಾಗಿ" ಎಂದು ಆಜ್ಞೆ ಕಳಿಸಿದ್ದು ಅದು. ನಮ್ಮ ಇಚ್ಛೆಗೆ ಕಾಯದೆ ಕೆಲಸ ಮಾಡುವ ಸಿಂಪಥೆಟಿಕ್ ನರಗಳ ಕೆಲಸ ಪರದೆಯ ಮೇಲೆ ಹೀಗೆ ಕಾಣುತ್ತದೆ. ಇನ್ನೊಂದು ಕೈಯನ್ನು ಐಸು ನೀರಿನಲ್ಲಿ ಅರ್ಧ ನಿಮಿಷ ಇಟ್ಟರೂ ಇದೇ ಆಗುತ್ತದೆ. ಹೃದಯದ ತೊಂದರೆ ಇರುವವರು, ಚಳಿಗೆ ಬೆರಳು ಬಿಳಿಚುವವರು ಐಸಿನ ಪ್ರಯೋಗ ಮಾಡಬೇಡಿ.

ಫಿಲ್ಟರ್ ಕಾಫಿ ಕುಡಿದರೆ ನಾಡಿ ಏರುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಸರಿಯಾಗಿ ಮಾಡುವುದಾದರೆ ಒಂದು ದಿನ ಕಾಫಿ, ಇನ್ನೊಂದು ದಿನ ಅದೇ ಹೊತ್ತಿಗೆ ಅಷ್ಟೇ ಬಿಸಿನೀರು. ಕುಡಿದು ಮುಕ್ಕಾಲು ಗಂಟೆ ಬಿಟ್ಟು ಅಳೆಯಿರಿ. ಕೆಫೀನ್ ರಕ್ತದಲ್ಲಿ ಏರಲು ಅಷ್ಟು ಹೊತ್ತು ಬೇಕು. ಒಂದೆರಡು ದಿನದಲ್ಲಿ ತೀರ್ಮಾನಕ್ಕೆ ಬರಬೇಡಿ. ವ್ಯತ್ಯಾಸ ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯಿರಿ. ದಿನಾ ಕಾಫಿ ಕುಡಿಯುವವರಲ್ಲಿ ವ್ಯತ್ಯಾಸ ಬಹಳ ಸಣ್ಣದಿರುತ್ತದೆ.

ಏಳನೇ ಹಂತ: ಉಸಿರು, ನಾಡಿ ಒಟ್ಟಿಗೆ

ಇನ್ನೊಂದು ಎಂಸಿಪಿ6002 ತೆಗೆದುಕೊಂಡು ಮೂಗಿನ ಡಯೋಡಿಗೂ ಐದನೇ ಹಂತದ ಎರಡನೇ ಆಂಪ್ಲಿಫೈಯರ್ ಕಟ್ಟಿ. ಉಸಿರು ನಾಡಿಗಿಂತ ನಿಧಾನ. ಹಾಗಾಗಿ 1 ಮೈಕ್ರೋ ಫ್ಯಾರಡ್ ಜಾಗದಲ್ಲಿ 10, 47ರ ಜಾಗದಲ್ಲಿ 470 ಹಾಕಿ. ಗೆರೆ ನೆಲೆ ನಿಲ್ಲಲು ಒಂದೆರಡು ನಿಮಿಷ ಬೇಕು, ಅವಸರ ಮಾಡಬೇಡಿ. ಎರಡೂ ಗೆರೆಗಳನ್ನು ಒಂದೇ ಪರದೆಯಲ್ಲಿ ತನ್ನಿ.

ಐದು ಸೆಕೆಂಡು ಎಳೆದು, ಐದು ಸೆಕೆಂಡು ಬಿಡುತ್ತಾ ಮೂರು ನಿಮಿಷ ಉಸಿರಾಡಿ. ದಾಖಲೆಯನ್ನು ಸ್ಪ್ರೆಡ್‌ಶೀಟಿಗೆ ಹಾಕಿ, ಒಂದು ನಾಡಿ ಶಿಖರದಿಂದ ಮುಂದಿನ ಶಿಖರದವರೆಗಿನ ಸಮಯ ಬರೆಯುತ್ತಾ ಹೋಗಿ. ಆ ಸಮಯಗಳನ್ನೇ ಗ್ರಾಫ್ ಮಾಡಿ ಉಸಿರಿನ ಗೆರೆಯ ಕೆಳಗೆ ಇಡಿ. ಉಸಿರು ಎಳೆಯುವಾಗ ಬಡಿತಗಳು ಹತ್ತಿರವಾಗುತ್ತವೆ, ಬಿಡುವಾಗ ದೂರವಾಗುತ್ತವೆ. ಹೃದಯ ಗಡಿಯಾರದ ಹಾಗೆ ಬಡಿಯುವುದಿಲ್ಲ, ಬಡಿಯಲೂ ಬಾರದು. ಎಳೆಯುವಾಗ ಹೃದಯದ ಬಡಿತವನ್ನು ನಿಧಾನಿಸುವ ವೇಗಸ್ ನರದ ಹಿಡಿತ ಸಡಿಲಗೊಳ್ಳುತ್ತದೆ, ಬಿಡುವಾಗ ಬಿಗಿಯಾಗುತ್ತದೆ. ಕಾರ್ಲ್ ಲುಡ್‌ವಿಗ್ 1847ರಲ್ಲಿ ಕೈಮೋಗ್ರಾಫ್ ಎಂಬ ತಿರುಗುವ ಡ್ರಮ್ಮಿನ ಮೇಲೆ ಪ್ರಾಣಿಗಳ ರಕ್ತದೊತ್ತಡದ ಗೆರೆ ಎಳೆದಾಗ ಇಂಥ ಏರಿಳಿತವನ್ನೇ ಕಂಡಿದ್ದರು. ಮಸಿ ಹಿಡಿಸಿದ ಆ ಡ್ರಮ್ ನಮ್ಮ ಮೆಡಿಕಲ್ ಕಾಲೇಜುಗಳ ಲ್ಯಾಬುಗಳಲ್ಲಿ ಬಹಳ ಕಾಲ ಇತ್ತು.

ಪ್ರಾಣಿಗಳ ವಿಷಯ

ಸಾಕಿದ ನಾಯಿಗೋ ಬೆಕ್ಕಿಗೋ ಕ್ಲಿಪ್ ಸಿಕ್ಕಿಸಲು ಹೋಗಬೇಡಿ. ಪ್ರಾಣಿಗಳ ಮೇಲಿನ ಪ್ರಯೋಗ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ ಬರುತ್ತದೆ, ನೋಂದಾಯಿತ ಸಂಸ್ಥೆ ಮತ್ತು ಎಥಿಕ್ಸ್ ಸಮಿತಿಯ ಒಪ್ಪಿಗೆ ಬೇಕು. ಕಾನೂನು ಬಿಡಿ, ಗಾಬರಿಯಾದ ಪ್ರಾಣಿಯಿಂದ ಸಿಗುವ ನಾಡಿ ಗಾಬರಿಯ ನಾಡಿಯೇ.

ಮುಟ್ಟದೆ ಮಾಡುವ ಕೆಲಸ ಬೇಕಾದಷ್ಟಿದೆ. ಅಕ್ವೇರಿಯಂ ಇದ್ದರೆ ಮೀನು ಕಿವಿರಿನ ಮುಚ್ಚಳವನ್ನು ನಿಮಿಷಕ್ಕೆ ಎಷ್ಟು ಸಲ ತೆರೆಯುತ್ತದೆ ಎಂದು ಬೆಳಗಿನ ಜಾವ ಮತ್ತು ಮಧ್ಯಾಹ್ನ ಎಣಿಸಿ, ನಿಮ್ಮ ಡಯೋಡಿನಿಂದಲೇ ನೀರಿನ ಉಷ್ಣತೆ ಅಳೆಯಿರಿ. ಮೀನು ಶೀತರಕ್ತದ ಪ್ರಾಣಿ, ನೀರು ಬಿಸಿಯಾದರೆ ಉಸಿರಾಟವೂ ಚುರುಕಾಗುತ್ತದೆ. ಹೀಟರ್ ಹಾಕಿ ಬೇಕೆಂದೇ ಬಿಸಿ ಮಾಡಬಾರದು, ದಿನದ ಏರಿಳಿತವೇ ಸಾಕು.

ಮುಂದಕ್ಕೆ ಹೋಗುವವರಿಗೆ

660 ನ್ಯಾನೋಮೀಟರಿನ ಕೆಂಪು ಎಲ್‌ಇಡಿ ಸೇರಿಸಿ, ಎರಡನ್ನೂ ಸರದಿಯಲ್ಲಿ ಉರಿಸಿದರೆ ಆಕ್ಸಿಮೀಟರಿನ ತಿರುಳು ಸಿದ್ಧ. ಆಮ್ಲಜನಕ ಹಿಡಿದ ಹಿಮೋಗ್ಲೋಬಿನ್ ಕೆಂಪನ್ನು ಕಡಿಮೆ ಹೀರುತ್ತದೆ, ಬಿಟ್ಟದ್ದು ಜಾಸ್ತಿ ಹೀರುತ್ತದೆ. ಇನ್‌ಫ್ರಾರೆಡ್ಡಿನಲ್ಲಿ ಇದು ತಿರುಗುಮುರುಗು. ಎರಡೂ ಬಣ್ಣಗಳಿಗೆ ಅಲೆಯನ್ನು ಸ್ಥಿರ ಭಾಗದಿಂದ ಭಾಗಿಸಿ, ಕೆಂಪಿನದ್ದನ್ನು ಇನ್‌ಫ್ರಾರೆಡ್ಡಿನದ್ದರಿಂದ ಭಾಗಿಸಿ. ಮಿಡಿಯುವ ಭಾಗವನ್ನಷ್ಟೇ ಹಿಡಿದರೆ ಚರ್ಮ, ಮೂಳೆ, ಬೆರಳಿನ ದಪ್ಪದ ಲೆಕ್ಕ ಬಹುಪಾಲು ಕಳೆದುಹೋಗುತ್ತದೆ ಎಂಬ ಈ ಉಪಾಯ ಜಪಾನಿನ ತಕುಓ ಅವೋಯಾಗಿ ಅವರದ್ದು, 1974ರಲ್ಲಿ ಮಂಡಿಸಿದ್ದು.

ಆರೋಗ್ಯವಂತರಲ್ಲಿ ಈ ಅನುಪಾತ 0.5ರ ಆಸುಪಾಸು ಬರಬೇಕು. ಅದನ್ನು ಶೇಕಡಾವಾರು ಮಾಡಿ ಪರದೆಯ ಮೇಲೆ ತೋರಿಸಲು ಹೋಗಬೇಡಿ. ಕಂಪನಿಗಳು ಆ ಕೋಷ್ಟಕ ಮಾಡುವುದು ಆರೋಗ್ಯವಂತ ಸ್ವಯಂಸೇವಕರಿಗೆ ವೈದ್ಯರ ಎದುರು ಕಡಿಮೆ ಆಮ್ಲಜನಕದ ಗಾಳಿ ಕೊಟ್ಟು, ಅಪಧಮನಿಯ ರಕ್ತ ತೆಗೆದು ಹೋಲಿಸಿ. ಅಷ್ಟಾದರೂ ತಪ್ಪು ಉಳಿಯುತ್ತದೆ. ಅಮೆರಿಕದ ಆಸ್ಪತ್ರೆಗಳ ದಾಖಲೆ ನೋಡಿದ 2020ರ ಅಧ್ಯಯನವೊಂದರಲ್ಲಿ, ರಕ್ತದಲ್ಲಿ ಆಮ್ಲಜನಕ ಕುಸಿದಿದ್ದರೂ ಆಕ್ಸಿಮೀಟರ್ ಸರಿಯಿದೆ ಎಂದು ತೋರಿಸಿದ್ದು ಕಪ್ಪು ವರ್ಣದ ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು. ನಮ್ಮಲ್ಲಿ ಎಲ್ಲ ಬಗೆಯ ಮೈಬಣ್ಣದವರೂ ಇದ್ದಾರೆ. ಹಾಗಾಗಿ ನಿಮ್ಮ ಮನೆಯವರು, ಗೆಳೆಯರು ಒಪ್ಪಿದರೆ ಎಲ್ಲರ ಬೆರಳಿನ ಅನುಪಾತವನ್ನೂ, ಸ್ಥಿರ ವೋಲ್ಟೇಜನ್ನೂ, ಕೋಣೆಯ ಉಷ್ಣತೆಯನ್ನೂ ಒಂದೇ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯಿರಿ. ಹೆಸರಿನ ಬದಲು ಸಂಖ್ಯೆ ಕೊಡಿ. ಯಾವ ಎಲ್‌ಇಡಿ, ಎಷ್ಟು ಓಮ್ ಎಂಬುದನ್ನೂ ಪಕ್ಕದಲ್ಲೇ ಬರೆದಿಡಿ. ಭಾಗ ಬದಲಿಸಿದ ದಿನ ಹಳೆಯ ಅಂಕಿಗಳ ಜೊತೆ ಹೋಲಿಸಲು ಅದು ಬೇಕೇ ಬೇಕು.